ನಾಲ್ಕನೇ ವಿಮಾನದ ಕಾವಲು

ತ್ರೇಸ್ ಆರೋಯೋಸ್
16 ಮೇ 2017

ದೋನ್ ಎವರಿಸ್ತೊ ಅವರಿಗೆ,

ನಾವು ಮುಖ ನೋಡಿದವರಲ್ಲ. ನಾನು ಸುಲೇಮಾ, ನಸರೇನೊ ಇತುರಾಲ್ದೆಯ ಹೆಂಡತಿ. ನಿಮ್ಮ ಟಿಟ್ಟಿಭ ದಳದ ನಾಲ್ಕನೇ ನಂಬರಿನವನ ಹೆಂಡತಿ ಎಂದರೆ ಬೇಗ ಗೊತ್ತಾಗಬಹುದು. ನಿಮ್ಮ ವಿಳಾಸವನ್ನು ದಳಪತಿ ಬೈಗೋರ್ರಿಯಾ ಕೊಟ್ಟರು. ಫೋನಿನಲ್ಲಿ ಮೆಸೇಜ್ ಹಾಕಿದರೆ ಸಾಕು ಅಂದರು. ನಾನು ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಸ್ಟಾಂಪು ಅಂಟಿಸದ ಮಾತನ್ನು ನಾನು ಮಾತೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವೂ ಕಾಗದದಲ್ಲೇ ಬರೆಯಿರಿ.

ಅವನ ಆಟದ ಮೇಲೆ ನನಗೆ ಪ್ರೀತಿಯಿತ್ತು ಎಂದು ಸುಳ್ಳು ಹೇಳಲಾರೆ. ವಾರವೆಲ್ಲ ಕ್ಷೌರದಂಗಡಿಯಲ್ಲಿ ನಿಂತೇ ಇರುತ್ತಿದ್ದವನು ಭಾನುವಾರ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು, ಕಾಲಡಿ ಎರಡು ಪೆಡಲ್ ಇಟ್ಟುಕೊಂಡು, ಇಂಟರ್ನೆಟ್ಟಿನಲ್ಲಿ ನಿಮ್ಮೊಡನೆ ಸೇರಿ ಎಲ್ಲೂ ಇಲ್ಲದ ಯುದ್ಧವಿಮಾನ ಓಡಿಸಿ ಎಲ್ಲೂ ಇಲ್ಲದ ಶತ್ರುವಿಗೆ ಗುಂಡು ಹೊಡೆಯುವುದು ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ. ಅವನು ಆ ಕುರ್ಚಿಯಲ್ಲೇ ಹೋಗಿಬಿಟ್ಟ ಮೇಲೆ ನೀವೆಲ್ಲ ಒಂದು ಪದ್ಧತಿ ಇಟ್ಟುಕೊಂಡಿರಲ್ಲ, ಅದು ನನ್ನನ್ನು ಬದಲಿಸಿತು. ವರ್ಷಕ್ಕೊಮ್ಮೆ, ಮೇ ತಿಂಗಳ ಎರಡನೇ ಭಾನುವಾರ, ನೀವೆಲ್ಲ ಹಾರಿ ಹೋಗುತ್ತೀರಿ. ಅವನ ವಿಮಾನ ಮಾತ್ರ ಎಂಜಿನ್ ತಿರುಗಿಸಿಕೊಂಡು ಸಾಲಿನಲ್ಲೇ ನಿಂತಿರುತ್ತದೆ, ಅವನು ಸತ್ತ ದಿನ ನಿಂತಿದ್ದ ಹಾಗೆ, ನೀವು ಮರಳುವ ತನಕ ಒಂದು ಗಂಟೆ ಹತ್ತು ನಿಮಿಷ. ನಿಮ್ಮಲ್ಲೊಬ್ಬರು ಆ ದಿನ ಹಾರಾಟ ಬಿಟ್ಟು, ತಮ್ಮ ಮನೆಯಲ್ಲಿ ಕೂತು, ಬ್ರೇಕಿನ ಮೇಲಿಂದ ಕಾಲೆತ್ತದೆ ಅದನ್ನು ಅಲುಗದಂತೆ ಕಾಯುತ್ತಾರೆ. ಆ ಹಳೇ ವಿಮಾನಕ್ಕೆ ನಿಲ್ಲಿಸಿಡುವ ಬ್ರೇಕ್ ಇಲ್ಲ, ಎಂಜಿನ್ ಓಡುವಾಗ ಗಾಲಿಗೆ ಕಲ್ಲು ಕೊಡಲು ಆಟ ಬಿಡುವುದಿಲ್ಲ, ಕಾಲೊಂದೇ ಗತಿ ಎಂದು ರೆಮಿಹಿಯೊ ನನಗೆ ವಿವರಿಸಿದ್ದರು. ಸಾಲ್ತಾ ಊರಿನ ಬೇಕರಿಯವರು. ನಿಮ್ಮ ಆಟದ ಮೈದಾನ, ಗಾಳಿ, ಮೋಡ ಎಲ್ಲ ಸಿದ್ಧ ಮಾಡುವವರು. ಮೈದಾನದ ಅಂಚಿನಲ್ಲಿ, ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲದ ಕಂಬದ ಬಳಿ ನನಗೋಸ್ಕರ ಒಂದು ಕ್ಯಾಮೆರಾ ಇಟ್ಟುಕೊಡುವವರೂ ಅವರೇ. ನಾನು ಇಲ್ಲಿ ಕೂತು ಪರದೆಯಲ್ಲಿ ನೋಡುತ್ತೇನೆ.

ಈ ಭಾನುವಾರ ಹನ್ನೆರಡು ನಲವತ್ತಕ್ಕೆ ಅದು ಅಲುಗಿತು. ಮೊದಲು ಮೂಗು ಬಲಕ್ಕೆ ತಿರುಗಿತು. ಆಮೇಲೆ ಸಾಲು ಬಿಟ್ಟು, ಹುಲ್ಲು ದಾಟಿ, ಮನುಷ್ಯ ನಡೆಯುವಷ್ಟೇ ನಿಧಾನಕ್ಕೆ ನೇರ ನನ್ನ ಕಡೆಗೇ ಬಂದು ಕಂಬದ ಹತ್ತಿರ ನಿಂತಿತು. ನನ್ನ ಪರದೆ ತುಂಬ ಅವನ ವಿಮಾನದ ಮೂಗು.

ಈ ವರ್ಷದ ಕಾವಲು ನಿಮ್ಮದಾಗಿತ್ತಂತೆ. ನನಗೆ ಎರಡೇ ಉತ್ತರ ಬೇಕು. ಆ ಹೊತ್ತಿನಲ್ಲಿ ನಿಮ್ಮ ಕಾಲು ಬ್ರೇಕಿನ ಮೇಲಿತ್ತೇ? ಇನ್ನೊಂದು, ಮೂರು ವರ್ಷದಿಂದ ಕೇಳುತ್ತಿದ್ದೇನೆ, ಯಾರೂ ಬಾಯಿ ಬಿಡುವುದಿಲ್ಲ: ಅವನು ಸತ್ತ ದಿನ ಆಟದ ರೇಡಿಯೊದಲ್ಲಿ ನೀವು ಅವನಿಗೆ ಕೊನೆಯದಾಗಿ ಹೇಳಿದ ಮಾತು ಏನು?

ಸುಲೇಮಾ


ಸಾನ್ ರಫಾಯೆಲ್
29 ಮೇ 2017

ಗೌರವಾನ್ವಿತ ದೋನ್ಯಾ ಸುಲೇಮಾ ಅವರಿಗೆ,

ನಿಮ್ಮ ಕಾಗದ ತಲುಪಿತು. ನನಗೆ ಕಾಗದ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಕ್ಷಮೆಯಿರಲಿ. ನಾನು ಇಲ್ಲಿ ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲಡಿ ಇರುವ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು ಇಪ್ಪತ್ತೆರಡು ವರ್ಷವಾಯಿತು. ಹೀಗಾಗಿ ನಸರೇನೊನ ವಿಮಾನ ಕಾಯುವ ಸರದಿ ನನ್ನದು ಎಂದಾಗ ದಳದಲ್ಲಿ ಎಲ್ಲರೂ ಒಪ್ಪಿದರು. ಕಾಲು ಗಟ್ಟಿ ಇರುವ ಆಸಾಮಿ ಎಂದು ದಳಪತಿಗಳು ನಾಲ್ಕು ಜನರೆದುರು ಹೇಳಿದರು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ನನ್ನ ಎರಡೂ ಕಾಲು ಬ್ರೇಕಿನ ಮೇಲಿದ್ದವು. ವಿಮಾನ ಹೇಗೆ ಅಲುಗಿತೋ ನನಗೂ ತಿಳಿಯದು. ಗಾಳಿ ಸ್ವಲ್ಪ ಜಾಸ್ತಿ ಇತ್ತೇನೋ. ರೆಮಿಹಿಯೊ ಆ ದಿನ ಗಾಳಿಯ ಅಂಕಿ ಹಾಕುವಾಗ ಕೈತಪ್ಪಿರಬಹುದು ಎಂದು ನಾನು ದಳಪತಿಗಳಿಗೆ ಹೇಳಿದ್ದೇನೆ. ಇದು ಬರೀ ನನ್ನ ಊಹೆ.

ಎರಡನೆಯದು. ನಾವು ನಸರೇನೊ ಅವರಿಗೆ ಕೊನೆಯದಾಗಿ ಹೇಳಿದ್ದು ಮಾಮೂಲಿ ಮಾತು, ‘ಒಳ್ಳೇದಾಗ್ಲಿ ನಾಲ್ಕು, ಮೇಲೆ ಸಿಗೋಣ’ ಅಂತ. ಅಷ್ಟೇ ನೆನಪು.

ಇಲ್ಲಿ ಚಳಿ ಶುರುವಾಗಿದೆ. ದ್ರಾಕ್ಷಿ ತೋಟಗಳೆಲ್ಲ ಬೋಳಾಗಿವೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ ವಿಶ್ವಾಸಿ,
ಎವರಿಸ್ತೊ ಲುಸೇರೊ


ತ್ರೇಸ್ ಆರೋಯೋಸ್
11 ಜೂನ್ 2017

ದೋನ್ ಎವರಿಸ್ತೊ,

ನಿಮ್ಮ ಕಾಗದವನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಇಟ್ಟಿದ್ದೇನೆ, ಬೇಕೆಂದಾಗ ಕೈಗೆ ಸಿಗಲಿ ಎಂದು. ‘ಎರಡೂ ಕಾಲು ಬ್ರೇಕಿನ ಮೇಲಿದ್ದವು.’ ಈ ಒಂದು ಸಾಲಿಗೆ ನಾನು ನಿಮಗೆ ಎಷ್ಟು ಋಣಿ ಎಂಬುದು ನಿಮಗೆ ತಿಳಿಯಬೇಕಾದರೆ ಅವನು ಹೋದ ದಿನದ್ದನ್ನು ಹೇಳಬೇಕು.

ನಮ್ಮಲ್ಲಿ ಭಾನುವಾರವೆಂದರೆ ರವಿಯೋಲಿ. ಹಿಟ್ಟು ನಾದಿ, ಒಳಗೆ ಪಾಲಕ್ ತುಂಬಿ ನಾನೇ ಮಾಡುತ್ತಿದ್ದೆ. ಅದನ್ನು ಕುದಿಯುವ ನೀರಿಂದ ತೆಗೆದ ಕೂಡಲೇ ತಿನ್ನಬೇಕು. ಆ ಭಾನುವಾರ ಹನ್ನೆರಡು ನಲವತ್ತಕ್ಕೆ ತೆಗೆದೆ. ಅವನನ್ನು ಕರೆದೆ. ಮೂರು ಸಲ ಕರೆದೆ. ಅವನು ಬರಲಿಲ್ಲ. ಅಷ್ಟೊತ್ತಿಗೆ ಅವನ ಜೀವ ಇತ್ತೋ ಇಲ್ಲವೋ ಹೇಳಲು ಡಾಕ್ಟರಿಗೂ ಆಗಲಿಲ್ಲ. ಹನ್ನೆರಡರಿಂದ ಒಂದರ ನಡುವೆ ಎಂದಷ್ಟೇ ಬರೆದುಕೊಟ್ಟರು.

ಈಗ ನೀವೇ ಹೇಳಿ. ಅದೇ ಭಾನುವಾರ, ಅದೇ ಹನ್ನೆರಡು ನಲವತ್ತು. ನಿಮ್ಮ ಕಾಲು ಬ್ರೇಕಿನ ಮೇಲಿತ್ತು. ಗಾಳಿ ಸೆಕೆಂಡಿಗೆ ಬರೀ ಎರಡು ಮೀಟರ್ ಇತ್ತೆಂದು ರೆಮಿಹಿಯೊ ತಾಯಿಯ ಮೇಲೆ ಆಣೆಯಿಟ್ಟು ನನಗೆ ಬರೆದಿದ್ದಾರೆ. ಅವರ ಮಾತನ್ನು ದಳದಲ್ಲಿ ಯಾರೂ ನಂಬದೆ, ಹವಾಮಾನದ ಕೆಲಸ ಕಿತ್ತುಕೊಂಡರಂತೆ. ಒಂಬತ್ತು ವರ್ಷ ಮಾಡಿದ ಕೆಲಸ. ಬೇಜಾರಾಗಿ ಅವರು ದಳವನ್ನೇ ಬಿಟ್ಟರಂತೆ. ನಾನು ಮಾತ್ರ ನಂಬುತ್ತೇನೆ. ಕಾಲೂ ತಪ್ಪಿಲ್ಲ, ಗಾಳಿಯೂ ತಪ್ಪಿಲ್ಲ ಎಂದಾದರೆ ಉಳಿದವರು ಯಾರು? ಕರೆದಾಗ ಬರಲಾಗದವನು ಮೂರು ವರ್ಷದ ಮೇಲೆ ಎದ್ದು ಬಂದ.

ನಗಬೇಡಿ. ನಾನು ದೆವ್ವಭೂತ ನಂಬುವ ಹೆಂಗಸಲ್ಲ. ಆದರೆ ಕಳೆದ ವಾರ, ಮೂರು ವರ್ಷದ ಮೇಲೆ, ರವಿಯೋಲಿ ಮಾಡಿ ತಿಂದೆ. ಗಂಟಲಲ್ಲಿ ಸಲೀಸಾಗಿ ಇಳಿಯಿತು.

ಒಂದು ಬೇಡಿಕೆ. ಈ ಮೇ ತಿಂಗಳು ವಿಮಾನ ಎದ್ದು ಬಂದದ್ದನ್ನು ಬೈಗೋರ್ರಿಯಾ ದಳದ ದಾಖಲೆ ಪುಸ್ತಕದಲ್ಲಿ ಬರೆಯುತ್ತಾರಂತೆ. ಸಾಕ್ಷಿಯಾಗಿ ನಿಮ್ಮ ಸಹಿ ಬೇಕು. ರೆಮಿಹಿಯೊ ಅವರಿಗೂ ಅದರಿಂದ ಮಾನ ಮರಳಿ ಬರುತ್ತದೆ.

ಸುಲೇಮಾ


ಸಾನ್ ರಫಾಯೆಲ್
2 ಜುಲೈ 2017

ದೋನ್ಯಾ ಸುಲೇಮಾ ಅವರಿಗೆ,

ಬಲಗೈ ಮಣಿಕಟ್ಟು ಉಳುಕಿದೆ, ಹೆಚ್ಚು ಬರೆಯಲಾರೆ. ಸಹಿಯ ವಿಷಯ ಸದ್ಯಕ್ಕೆ ಬಿಡೋಣ ಎಂದು ಕೇಳಿಕೊಳ್ಳುತ್ತೇನೆ. ಇಂಥ ವಿಷಯಗಳನ್ನು ಪುಸ್ತಕದಲ್ಲಿ ಬರೆದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ನಿಮ್ಮ ಮನಸ್ಸಿಗೆ ಸಮಾಧಾನವಾದರೆ ಸಾಕಲ್ಲವೇ?

ಇಲ್ಲಿ ಪರೀಕ್ಷೆಯ ಸಮಯ. ಒಬ್ಬ ಹೆಂಗಸು ನಾಲ್ಕನೇ ಸಲ ಫೇಲಾದಳು. ಏರಿನಲ್ಲಿ ನಿಲ್ಲಿಸಿದ ಕಾರು ಹಿಂದಕ್ಕೆ ಜಾರುತ್ತದೆ. ಭಯ ಬಿದ್ದು ಕಾಲೆತ್ತಿಬಿಡುತ್ತಾಳೆ. ನಾನು ಬೈಯಲಿಲ್ಲ. ಈಚೆಗೆ ಯಾರನ್ನೂ ಬೈಯಲು ಮನಸ್ಸಾಗುತ್ತಿಲ್ಲ.

ರೆಮಿಹಿಯೊ ಒಳ್ಳೆಯವರು. ನಿಮ್ಮ ಕಡೆಯಿಂದ ಅವರಿಗೆ ಎರಡು ಒಳ್ಳೇ ಮಾತು ಬರೆಯಿರಿ.

ಎವರಿಸ್ತೊ


ತ್ರೇಸ್ ಆರೋಯೋಸ್
20 ಆಗಸ್ಟ್ 2017

ದೋನ್ ಎವರಿಸ್ತೊ,

ಉಳುಕಿದ ಕೈಯ ಅಕ್ಷರ ಅಷ್ಟು ದುಂಡಗಿರುವುದನ್ನು ನನ್ನ ಸರ್ವಿಸಿನಲ್ಲಿ ಕಂಡಿಲ್ಲ. ನೀವು ಸಂಕೋಚದ ಮನುಷ್ಯ, ಹೆಸರು ಬರುವುದು ನಿಮಗೆ ಬೇಡ, ನನಗೆ ಅರ್ಥವಾಯಿತು. ನಿಮ್ಮ ಜಾಗದಲ್ಲಿ ಬೇರೆಯವರಿದ್ದರೆ ಊರೆಲ್ಲ ಡಂಗುರ ಹೊಡೆಯುತ್ತಿದ್ದರು. ಏಳು ವಾರದಿಂದ ನಮ್ಮಿಬ್ಬರ ನಡುವೆ ಕಾಗದವಿಲ್ಲ. ಸಹಿಗೆ ಪೀಡಿಸಿದ್ದು ನನ್ನ ತಪ್ಪು ಎಂದುಕೊಂಡೆ.

ಅದಕ್ಕೇ ಈ ಪಾರ್ಸೆಲ್. ಒಳಗಿರುವುದು ನಸರೇನೊನ ಪೆಡಲ್. ಮೂರು ವರ್ಷ ಮೇಜಿನಡಿ ಹಾಗೇ ಇತ್ತು, ನಾನು ಅದರ ಸುತ್ತಲೇ ಗುಡಿಸುತ್ತಿದ್ದೆ. ಎಡಗಡೆಯದರಲ್ಲಿ ಹಿಮ್ಮಡಿ ಇಡುವಲ್ಲಿ ರಬ್ಬರ್ ಸವೆದಿದೆ ನೋಡಿ, ಅವನ ಪಾದ ಅಲ್ಲೇ ಕೂರುತ್ತಿತ್ತು. ಮನೆಯಲ್ಲೂ ಪಾದರಕ್ಷೆ ಬಿಚ್ಚದವನು, ಇದಕ್ಕೆ ಮಾತ್ರ ಕಾಲುಚೀಲದಲ್ಲೇ ಕೂರುತ್ತಿದ್ದ.

ನನ್ನ ತಂಗಿ ಡೆಲ್ಫಿನಾ ಇದನ್ನು ಮಾರಿಬಿಡು ಅಂದಳು. ನಾನು ಒಪ್ಪಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಅವನಿಗಾಗಿ ಕಾಲೆತ್ತದೆ ಕೂತ ಮನುಷ್ಯ ಒಬ್ಬರಿದ್ದಾರೆ, ಇದು ಅವರ ಕಾಲಡಿ ಇರಬೇಕು ಅಂದೆ.

ಸುಲೇಮಾ


ಸಾನ್ ರಫಾಯೆಲ್
17 ಸೆಪ್ಟೆಂಬರ್ 2017

ದೋನ್ಯಾ ಸುಲೇಮಾ ಅವರಿಗೆ,

ಪಾರ್ಸೆಲ್ ಬಂದು ಹದಿನೆಂಟು ದಿನವಾಯಿತು. ಬಿಚ್ಚಿದೆ, ಸವೆದ ರಬ್ಬರ್ ನೋಡಿದೆ, ಮತ್ತೆ ಕಟ್ಟಿದೆ. ಅದನ್ನು ನನ್ನ ಮನೆಯಲ್ಲಿ ಇಡಲು ಒಂದು ಜಾಗ ಸಿಗಲಿಲ್ಲ. ಈ ಕಾಗದದ ಜೊತೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ. ಓದಿ ಮುಗಿಸುವ ತನಕ ಹರಿಯಬೇಡಿ, ಅಷ್ಟೇ ಕೇಳುವುದು.

ನನ್ನ ಕಾಲು ಬ್ರೇಕಿನ ಮೇಲಿರಲಿಲ್ಲ.

ಆ ಭಾನುವಾರ ನನ್ನ ಮನೆಯಲ್ಲಿ ಭಾವಮೈದುನರು ಊಟಕ್ಕೆ ಬಂದಿದ್ದರು. ಹಿತ್ತಿಲಲ್ಲಿ ಕೆಂಡದ ಮೇಲೆ ಮಾಂಸ ಇಟ್ಟಿದ್ದೆ. ಕೆಂಡದ ಕೆಲಸ ನಮ್ಮ ಮನೆಯಲ್ಲಿ ಬೇರೆಯವರಿಗೆ ಬಿಡುವುದಿಲ್ಲ, ಅಂಥ ಜಂಬ ನನ್ನದು. ಮೊದಲ ಅರ್ಧ ಗಂಟೆ ನೆಟ್ಟಗೆ ಕೂತಿದ್ದೆ. ಆಮೇಲೆ ಹೊರಗಿನಿಂದ ಕೊಬ್ಬು ಸುಡುವ ವಾಸನೆ ಬಂತು. ಡ್ರೈವಿಂಗ್ ಸ್ಕೂಲಿನ ಹಳೇ ಕಾರ್ ಬ್ಯಾಟರಿ ಮೂಲೆಯಲ್ಲಿತ್ತು. ಅದನ್ನೆತ್ತಿ ಎರಡೂ ಪೆಡಲ್ ಮೇಲೆ ಅಡ್ಡ ಮಲಗಿಸಿದೆ. ವಿಮಾನ ಅಲುಗಲಿಲ್ಲ. ಬ್ರೇಕಿನ ವಿಷಯ ನನಗೆ ಕಲಿಸುವವರು ಯಾರು ಎಂದುಕೊಂಡು ಎದ್ದು ಹೋದೆ. ಮಾಂಸ ತಿರುವಿ ಹಾಕಿದೆ, ಒಂದು ತುಂಡು ರುಚಿ ನೋಡಿದೆ, ಯಾರೋ ಏನೋ ಹೇಳಿದರು, ನಕ್ಕೆ. ಹಿಂದಿರುಗಿದಾಗ ಬ್ಯಾಟರಿ ಎಡಗಡೆಯಿಂದ ಜಾರಿ, ಬಲಗಡೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಪೂರ್ತಿ ನೆಲಕ್ಕೆ ಬಿದ್ದಿತ್ತು. ಅದಕ್ಕೇ ಮೂಗು ಬಲಕ್ಕೆ ತಿರುಗಿದ್ದು, ಆಮೇಲೆ ನೇರ ಹೋದದ್ದು. ಕಂಬದ ಬಳಿ ಚರಂಡಿಯಿತ್ತು, ಅದರಿಂದ ನಿಂತಿತು. ಬಂದದ್ದು ನಸರೇನೊ ಅಲ್ಲ, ದೋನ್ಯಾ ಸುಲೇಮಾ. ಬಂದದ್ದು ನನ್ನ ಹೊಟ್ಟೆಬಾಕತನ.

ದಳಪತಿಗಳು ರೇಡಿಯೊದಲ್ಲಿ ‘ಏನಾಯ್ತು’ ಎಂದು ಕೇಳಿದಾಗ ನನ್ನ ಕೈಯಲ್ಲಿ ಎಣ್ಣೆಜಿಡ್ಡು ಇತ್ತು. ‘ಗಾಳಿ’ ಅಂದುಬಿಟ್ಟೆ. ಒಂದೇ ಪದ. ಆ ಪದ ಒಂಬತ್ತು ವರ್ಷದ ಸ್ನೇಹಿತನನ್ನು ಹೊರಗೆ ಹಾಕಿಸಿತು. ದಳದ ಮುಂದೆ ರೆಮಿಹಿಯೊ ಆಣೆ ಇಡುತ್ತಿದ್ದಾಗ ನಾನು ಕೇಳಿಸಿಕೊಳ್ಳುತ್ತಾ ಸುಮ್ಮನೆ ಕೂತಿದ್ದೆ.

ನಿಮ್ಮ ಎರಡನೇ ಪ್ರಶ್ನೆಗೂ ಸುಳ್ಳೇ ಹೇಳಿದ್ದೆ. ನಸರೇನೊ ಹೋದ ದಿನ ಹನ್ನೆರಡಕ್ಕೆ ಅವರು ‘ನಾಲ್ಕು ಸಿದ್ಧ’ ಅಂದರು, ಆಮೇಲೆ ಹೊರಡಲಿಲ್ಲ. ನಾವು ಕರೆದೆವು, ಉತ್ತರವಿಲ್ಲ, ಬಿಟ್ಟು ಹಾರಿದೆವು. ಆದರೆ ಮಾತಾಡಲು ಒತ್ತುವ ಗುಂಡಿಯ ಮೇಲೆ ಅವರ ಬೆರಳು ಹಾಗೇ ಇತ್ತು. ನಿಮ್ಮ ಮನೆಯ ಸದ್ದೆಲ್ಲ ನಮಗೆ ಕೇಳಿಸುತ್ತಿತ್ತು, ತಟ್ಟೆ, ನಲ್ಲಿ, ಎಲ್ಲ. ಹನ್ನೆರಡು ನಲವತ್ತಕ್ಕೆ ನೀವು ಕರೆದದ್ದೂ ಕೇಳಿಸಿತು. ಮೂರನೇ ಸಲ ನೀವು ಏನೆಂದಿರಿ ಎಂದು ನಾನು ಇಲ್ಲಿ ಬರೆಯುವುದಿಲ್ಲ. ನಾವೆಲ್ಲ ನಕ್ಕೆವು. ನಾನು ಹೇಳಿದೆ: ‘ನಾಲ್ಕಕ್ಕೆ ಹೆಂಡ್ತಿ ಗಾಲಿಗೆ ಕಲ್ಲು ಕೊಟ್ಟವ್ಳೆ, ಇನ್ನು ಅಲ್ಲಾಡಲ್ಲ ಬಿಡ್ರಪ್ಪ.’ ಇನ್ನೂ ನಕ್ಕರು. ಒಂದು ಹತ್ತಕ್ಕೆ ಇಳಿದಾಗಲೂ ಅವರ ವಿಮಾನ ಸಾಲಿನಲ್ಲೇ ನಿಂತಿತ್ತು, ಪಂಖ ತಿರುಗುತ್ತಲೇ ಇತ್ತು. ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ, ಮೊದಲ ಸಲ ಚೆನ್ನಾಗಿ ನಡೆದಿತ್ತಲ್ಲ. ಅವರ ಕಿವಿಗೆ ಏನಾದರೂ ಬಿದ್ದಿದ್ದರೆ, ಕೊನೆಗೆ ಬಿದ್ದದ್ದು ಅದು.

ಕಾವಲಿನ ಪದ್ಧತಿ ಹುಟ್ಟಿದ್ದು ಆ ನಗುವಿನಿಂದ. ಯಾರೂ ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ನನ್ನ ಸರದಿ ಬಂದಾಗ ನಾನು ಮಾಡಿದ್ದು ಇದು.

ನಿಮಗೆ ರವಿಯೋಲಿ ಗಂಟಲಲ್ಲಿ ಇಳಿದದ್ದನ್ನು ಓದಿದ ದಿನವೇ ಇದನ್ನು ಬರೆಯಬೇಕಿತ್ತು. ನಿಮ್ಮ ಸಮಾಧಾನ ಕೆಡಿಸಬಾರದು ಎಂದು ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಮ್ಮನಿದ್ದದ್ದು ನನ್ನ ಮರ್ಯಾದೆಗಾಗಿ. ನಾಚಿಕೆಯಿಂದ ಕನ್ನಡಿ ನೋಡಿಕೊಂಡು ಗಡ್ಡ ಹೆರೆಯಲೂ ಆಗುತ್ತಿಲ್ಲ.

ಎವರಿಸ್ತೊ ಲುಸೇರೊ


ತ್ರೇಸ್ ಆರೋಯೋಸ್
3 ಡಿಸೆಂಬರ್ 2017

ಎವರಿಸ್ತೊ ಲುಸೇರೊ ಅವರಿಗೆ,

ಹನ್ನೊಂದು ವಾರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು. ಬೈಗುಳಕ್ಕೆ ಸ್ಟಾಂಪು ದಂಡ.

ಕ್ಯಾಲೆಂಡರಿನ ಹಿಂದಿದ್ದ ನಿಮ್ಮ ಕಾಗದವನ್ನು ಒಲೆಗೆ ಹಾಕಿದೆ. ರವಿಯೋಲಿ ಮತ್ತೆ ನಿಲ್ಲಿಸಿದ್ದೇನೆ. ಅಷ್ಟು ನಿಮಗೆ ಗೊತ್ತಿರಲಿ.

ಮೂರನೇ ಸಲ ನಾನು ಹೇಳಿದ್ದನ್ನು ಬರೆಯಲು ನಿಮಗೆ ನಾಚಿಕೆಯಾಯಿತು. ನಾನೇ ಬರೆಯುತ್ತೇನೆ. ‘ಎಷ್ಟು ಸಲ ಕರೀಬೇಕೋ, ಸತ್ತುಗಿತ್ತು ಹೋದ್ಯಾ ಏನು ಅಲ್ಲಿ?’ ಅಂದೆ. ಇದನ್ನು ಕೇಳಿದವರು ಯಾರೂ ಇಲ್ಲ, ನಾನು ಮತ್ತು ಆ ಗೋಡೆ ಮಾತ್ರ ಎಂದು ಮೂರೂವರೆ ವರ್ಷ ನಂಬಿದ್ದೆ. ತಂಗಿಗೆ ಹೇಳಿಲ್ಲ, ಚರ್ಚಿನಲ್ಲಿ ಪಾದ್ರಿಗೂ ಹೇಳಿಲ್ಲ. ನೀವು ಹನ್ನೊಂದು ಜನ ಕೇಳಿಸಿಕೊಂಡು ನಕ್ಕಿದ್ದೀರಿ.

ಆಮೇಲಿನದ್ದು ನಿಮಗೆ ಕೇಳಿಸಿರಲಾರದು. ಅದನ್ನೂ ಹೇಳುತ್ತೇನೆ. ನಾನು ಕೂತು ತಿಂದೆ. ಕೋಪದಲ್ಲಿ ಪೂರ್ತಿ ಒಂದು ತಟ್ಟೆ ತಿಂದೆ, ಮೇಲೆ ಚೀಸ್ ತುರಿದುಕೊಂಡು. ಅವನ ಪಾಲನ್ನು ಮುಚ್ಚಿಡದೆ ಆರಲು ಬಿಟ್ಟೆ, ಬುದ್ಧಿ ಬರಲಿ ಎಂದು. ಪಾತ್ರೆ ತೊಳೆದೆ. ಒಂದೂವರೆಗೆ ಜಗಳ ಮಾಡಲು ಕೋಣೆಗೆ ಹೋದೆ. ವಿಮಾನ ಎದ್ದು ಬಂದದ್ದನ್ನು ನಾನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡೆ ಎಂದು ಈಗ ತಿಳಿಯಿತಲ್ಲ. ನಿಮಗೆ ಸುಳ್ಳು ಬೇಕಿತ್ತು, ನನಗೂ ಬೇಕಿತ್ತು.

ಕ್ಷಮೆ ಕೇಳಿದ್ದೀರಿ ಎಂದೇ ಓದಿಕೊಂಡೆ. ಅದು ಸದ್ಯ ನನ್ನ ಹತ್ತಿರ ಇಲ್ಲ, ಇರುವಾಗ ನೋಡೋಣ. ಮೊದಲು ರೆಮಿಹಿಯೊ ಹತ್ತಿರ ಹೋಗಿ. ಕಾಗದ ಬರೆದು ತಪ್ಪಿಸಿಕೊಳ್ಳಬೇಡಿ, ಕಾಗದದಲ್ಲಿ ಮುಖ ಕಾಣುವುದಿಲ್ಲ. ಆಮೇಲೆ ದಳದ ಎಲ್ಲರೆದುರು ಹೇಳಿ. ಅದಾದ ಮೇಲೆ ನನಗೆ ಬರೆಯಿರಿ, ಅಲ್ಲಿಯ ತನಕ ಬೇಡ.

ಪೆಡಲ್ ತಲುಪಿದೆ. ಮೇಜಿನಡಿ ಮೊದಲಿದ್ದಲ್ಲೇ ಇದೆ.

ಸುಲೇಮಾ ಇತುರಾಲ್ದೆ


ಸಾನ್ ರಫಾಯೆಲ್
28 ಜನವರಿ 2018

ದೋನ್ಯಾ ಸುಲೇಮಾ ಅವರಿಗೆ,

ಹೇಳಿದ ಹಾಗೆ ಮಾಡಿದ್ದೇನೆ.

ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ ಕೂತು ಸಾಲ್ತಾಕ್ಕೆ ಹೋದೆ. ರೆಮಿಹಿಯೊನ ಬೇಕರಿ ಮಾರುಕಟ್ಟೆಯ ಹಿಂದೆ. ಒಂಬತ್ತು ವರ್ಷ ವಾರಕ್ಕೊಮ್ಮೆ ದನಿ ಕೇಳಿದ್ದೆ, ಮುಖ ನೋಡಿದ್ದು ಅದೇ ಮೊದಲು. ನಾನು ಯಾರೆಂದು ಹೇಳಿದೆ, ಬ್ಯಾಟರಿಯ ವಿಷಯ ಹೇಳಿದೆ, ಮಾಂಸದ ವಿಷಯವನ್ನೂ ಹೇಳಿದೆ. ಅವನು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಕೂರಲೇ ಎಂದು ಸ್ಟೂಲು ಮುಟ್ಟಿದೆ.

‘ಬೇಡ. ಅಲ್ಲೇ ನಿಂತ್ಕೋ,’ ಅಂದ. ‘ಅಲ್ಲಾಡ್ಬೇಡ. ನಿಲ್ಲೋದು ಹೇಗೆ ಅಂತ ಕಲ್ತ್ಕೋ.’

ನಿಂತೆ. ಬೆಳಗ್ಗೆ ಹತ್ತರಿಂದ ಅಂಗಡಿ ಬಾಗಿಲು ಹಾಕುವ ಒಂದೂವರೆ ತನಕ. ಬಂದ ಗಿರಾಕಿಗಳೆಲ್ಲ ನನ್ನನ್ನು ನೋಡಿದರು. ಒಬ್ಬ ಮುದುಕಿ ಯಾರಪ್ಪಾ ಇವನು ಎಂದು ಕೇಳಿದಳು. ‘ಗಾಳಿಗೆ ಹಾರ್ಕೊಂಡು ಬಂದವ್ನು,’ ಅಂದ ರೆಮಿಹಿಯೊ. ಆಕೆ ನಕ್ಕಳು, ಅವನು ನಗಲಿಲ್ಲ. ಬಾಗಿಲು ಹಾಕಿ ಕೈ ತೊಳೆದುಕೊಂಡ ಮೇಲೆ ಗಾಳಿ ಎಷ್ಟಿತ್ತು ಎಂದು ಒಂದೇ ಪ್ರಶ್ನೆ ಕೇಳಿದ. ಎರಡು ಮೀಟರ್ ಅಂದೆ. ಇನ್ನೊಂದು ಸಲ ಹೇಳು ಅಂದ. ಹೇಳಿದೆ. ಅವನ ಕಣ್ಣು ತುಂಬಿತು. ಎಂಟು ತಿಂಗಳು ತನ್ನ ಅಂಕಿಯನ್ನೇ ಅನುಮಾನಿಸಿದ್ದನಂತೆ. ಬೇಕರಿಯಲ್ಲಿ ಉಪ್ಪನ್ನು ಕೂಡ ಎರಡೆರಡು ಸಲ ತೂಗುತ್ತಿದ್ದನಂತೆ.

ಮುಂದಿನ ಭಾನುವಾರ ಎಲ್ಲರೆದುರು ರೇಡಿಯೊದಲ್ಲಿ ಹೇಳಿದೆ. ದಳಪತಿಗಳು ಭೂಗೋಳದ ಮೇಷ್ಟ್ರಾಗಿದ್ದವರು, ಹುಡುಗರ ತಪ್ಪಿಗೆ ಹೇಳುವ ಹಾಗೆ ತಣ್ಣಗೆ ಹೇಳಿದರು, ಒಂದು ವರ್ಷ ನನಗೆ ಸಾಲಿನಲ್ಲಿ ಜಾಗವಿಲ್ಲ. ಆದರೆ ಕೇಳಿಸಿಕೊಳ್ಳಬಹುದು, ಮಾತಾಡುವಂತಿಲ್ಲ. ರೆಮಿಹಿಯೊ ಮರಳಿದ್ದಾನೆ. ಹವಾಮಾನ ಅವನದೇ.

ನಿಮಗೆ ನನ್ನಿಂದ ಕಳೆದುಹೋದದ್ದನ್ನು ತಂದುಕೊಡಲು ಯಾವ ಊರಿಗೆ ಬಸ್ ಹತ್ತಬೇಕೋ ನನಗೆ ಗೊತ್ತಿಲ್ಲ.

ಎವರಿಸ್ತೊ


ತ್ರೇಸ್ ಆರೋಯೋಸ್
15 ಮೇ 2018

ದೋನ್ ಎವರಿಸ್ತೊ,

ಮೊನ್ನೆ ಭಾನುವಾರ ನೀವು ಕೇಳಿಸಿಕೊಳ್ಳುತ್ತಿದ್ದಿರಿ ಎಂದು ರೆಮಿಹಿಯೊ ಹೇಳಿದರು. ಆದರೆ ನೋಡಿರಲಾರಿರಿ, ಈ ಸಲ ಕ್ಯಾಮೆರಾ ಇಟ್ಟಿರಲಿಲ್ಲ. ನೋಡುವವಳೇ ಕುರ್ಚಿಯಲ್ಲಿ ಕೂತಿದ್ದಳು.

ಹೌದು, ಈ ವರ್ಷದ ಕಾವಲು ನಾನೇ ಕೇಳಿ ತೆಗೆದುಕೊಂಡೆ. ಎರಡು ತಿಂಗಳು ರೆಮಿಹಿಯೊ ಫೋನಿನಲ್ಲಿ ಕಲಿಸಿದರು. ಮೊದಮೊದಲು ಐದು ನಿಮಿಷಕ್ಕೇ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ವಿಮಾನ ಸಾಲು ಬಿಟ್ಟು ಪಕ್ಕದವರ ರೆಕ್ಕೆಗೆ ಗುದ್ದುತ್ತಿತ್ತು. ರೆಮಿಹಿಯೊ ಬೈಯುತ್ತಿದ್ದರು, ನಾನೂ ಬೈಯುತ್ತಿದ್ದೆ. ಪಾದರಕ್ಷೆ ಬಿಚ್ಚಿ ಕಾಲುಚೀಲದಲ್ಲಿ ಕೂತ ಮೇಲೆ ಸರಿಹೋಯಿತು. ನನ್ನ ಹಿಮ್ಮಡಿ ಅವನ ಹಿಮ್ಮಡಿಯ ಸವೆತದಲ್ಲೇ ಕೂರುತ್ತದೆ, ಜಾಗ ನನಗೆ ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೇ.

ನೀವೆಲ್ಲ ಆ ಹೊತ್ತನ್ನು ‘ಕಾವಲು’ ಎನ್ನುತ್ತೀರಿ. ಕೂತ ಮೇಲೆ ಗೊತ್ತಾಯಿತು, ಅಲ್ಲಿ ಮಾಡಲು ಏನೂ ಇಲ್ಲ. ಎಲ್ಲರೂ ಹೋಗುತ್ತಾರೆ. ಪಂಖ ತಿರುಗುತ್ತದೆ. ಹುಲ್ಲು ಅಲುಗುತ್ತದೆ, ರೆಮಿಹಿಯೊನ ಎರಡು ಮೀಟರ್ ಗಾಳಿ. ಕಾಲು ಮಾತ್ರ ತನ್ನ ಪಾಡಿಗೆ ನಡುಗಲು ಶುರುಮಾಡುತ್ತದೆ. ಅರ್ಧ ಗಂಟೆಯ ಮೇಲೆ ಎದ್ದು ಹೋಗಲು ಮನಸ್ಸು ನೂರು ಕಾರಣ ಕೊಡುತ್ತದೆ. ನೀವು ಎದ್ದದ್ದು ತಪ್ಪೇ. ಆದರೆ ಎದ್ದು ಹೋಗುವುದು ಎಷ್ಟು ಸುಲಭ ಎಂದು ಈಗ ನನಗೂ ಗೊತ್ತು.

ಆ ದಿನ ತಂಗಿ ಡೆಲ್ಫಿನಾ ಅಡುಗೆ ಮಾಡಲು ಬಂದಿದ್ದಳು. ಅವಳಿಗೆ ಈ ಆಟದ ತಲೆಬುಡ ಗೊತ್ತಿಲ್ಲ. ಹನ್ನೆರಡು ಮುಕ್ಕಾಲಿಗೆ ಅಡುಗೆಮನೆಯಿಂದ ಕೂಗಿದಳು, ‘ಸುಲೇಮಾ, ಬಾರೇ, ತಣ್ಣಗಾಗ್ತಿದೆ.’ ನನಗೆ ಕೇಳಿಸಿತು. ಬಾಯಿ ತೆರೆದರೆ ಕಾಲು ಸಡಿಲವಾಗುತ್ತದೆ ಎಂಬ ಭಯ. ಮತ್ತೆ ಕೂಗಿದಳು. ಮೂರನೇ ಸಲ ಕೂಗಿದ್ದು ನಿಮಗೂ ಕೇಳಿಸಿರಬೇಕು, ನನ್ನ ಬೆರಳು ಗುಂಡಿಯ ಮೇಲೇ ಇತ್ತು. ‘ಏನೇ, ಜೀವ ಇದೆಯಾ ಇಲ್ವಾ ಒಳಗೆ?’ ನಮ್ಮ ತಾಯಿ ನಮಗೆ ಕಲಿಸಿದ ಭಾಷೆ, ಅಕ್ಕತಂಗಿಯರಿಬ್ಬರಿಗೂ ಅದೇ.

ರೇಡಿಯೊದಲ್ಲಿ ಯಾರೂ ನಗಲಿಲ್ಲ.

ನಾನು ಉತ್ತರ ಕೊಡಲಿಲ್ಲ, ದೋನ್ ಎವರಿಸ್ತೊ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಆ ದನಿ ಕಿವಿಗೆ ಹಿತವಾಗಿಯೇ ಇತ್ತು. ಊಟಕ್ಕೆ ಕರೆಯುವವರು ಮನೆಯಲ್ಲೊಬ್ಬರು ಇದ್ದಾರೆ ಅನ್ನಿಸಿತು, ಅಷ್ಟೇ ಅನ್ನಿಸಿತು. ಅಲ್ಲೇ ಕೂತು ಅತ್ತೆ, ಮೂಗು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಾಲ್ಕನೇ ವಿಮಾನ ಒಂದು ಗೇಣೂ ಅಲುಗಲಿಲ್ಲ.

ಮುಂದಿನ ವರ್ಷ ಮೇ ಹನ್ನೆರಡು ಭಾನುವಾರ. ಅಷ್ಟೊತ್ತಿಗೆ ನಿಮ್ಮ ಒಂದು ವರ್ಷ ಮುಗಿದಿರುತ್ತದೆ. ಕಾವಲು ನಿಮಗೇ ಕೊಡಬೇಕೆಂದು ಬೈಗೋರ್ರಿಯಾಗೆ ಬರೆದಿದ್ದೇನೆ. ಆದರೆ ನಿಮ್ಮ ಮನೆಯಲ್ಲಲ್ಲ, ಇಲ್ಲಿ, ಅವನ ಕುರ್ಚಿಯಲ್ಲಿ. ಕಾಲುಚೀಲ ತನ್ನಿ. ಬ್ಯಾಟರಿ ತರಬೇಡಿ. ನಾನು ಅಡುಗೆಮನೆಯಲ್ಲಿ ರವಿಯೋಲಿ ಮಾಡುತ್ತಿರುತ್ತೇನೆ. ಹನ್ನೆರಡು ನಲವತ್ತಕ್ಕೆ ಕರೆಯುತ್ತೇನೆ, ಮೂರು ಸಲವೂ ಕರೆಯುತ್ತೇನೆ. ನೀವು ಓಗೊಡಬೇಡಿ, ಏಳಬೇಡಿ. ನಿಮ್ಮ ತಟ್ಟೆಯನ್ನು ಮುಚ್ಚಿಟ್ಟು, ನನ್ನ ತಟ್ಟೆಯನ್ನೂ ಮುಟ್ಟದೆ ಒಂದು ಹತ್ತರ ತನಕ ಕಾಯುತ್ತೇನೆ.

ಸುಲೇಮಾ